ಮಡಕೆಯಲ್ಲಿರುವ ಒಂದು ಹಿಡಿ

ಚಾರೆಪ್ತದ ವಿಧವೆಯ ವೃತ್ತಾಂತವನ್ನು (1 ಅರಸುಗಳು, 17ನೇ ಅಧ್ಯಾಯ) ನಾವು ಎಷ್ಟೋ ಸಾರಿ ಕೇಳಿದ್ದೇವೆ. ಮಡಕೆಯಲ್ಲಿ ಒಂದು ಹಿಡಿ ಹಿಟ್ಟು, ಮೊಗೆಯಲ್ಲಿ ತುಸು ಎಣ್ಣೆ; ಅದನ್ನು ರೊಟ್ಟಿ ಮಾಡಿ ಮಗನೊಡನೆ ತಿಂದು ಸಾಯಬೇಕೆಂದಿದ್ದಳು. ಆಕೆಯನ್ನೇ ಪ್ರವಾದಿಯಾದ ಎಲೀಯನು, ಮೊದಲು ತನಗೊಂದು ರೊಟ್ಟಿ ಮಾಡಿಕೊಡೆಂದು ಕೇಳಿದನು. ಕಠಿಣವಾದ ಮಾತೇ ಸರಿ! ದೇವರು ಕಣಜವನ್ನು ತುಂಬಿಸಿ ಬಳಿಕ ಕೇಳಲಿಲ್ಲ. ವಾಗ್ದಾನವು ಮಾತ್ರ ಮೊದಲು ಬಂತು. ಆಕೆ ನಂಬಿ ಕೊಟ್ಟಳು. ಆಮೇಲೆಯೂ ಮಡಕೆಯು ತುಂಬಿ ತುಳುಕಿತೆಂದು ಶಾಸ್ತ್ರವು ಹೇಳುವದಿಲ್ಲ. ಹಿಟ್ಟು ತೀರಲಿಲ್ಲವೆಂದು ಮಾತ್ರ ಹೇಳುತ್ತದೆ.

ನಮ್ಮ ದೇಶದ ಈಶಾನ್ಯದಲ್ಲಿರುವ ಲುಶಾಯ್ ಗುಡ್ಡಗಳಲ್ಲಿ (ಈಗ ಆ ಸೀಮೆಗೆ ಮಿಜೋರಾಮ್ ಎಂದು ಹೆಸರು) ಸಭೆಯ ಸ್ತ್ರೀಯರು 1910ರಲ್ಲಿ, ಅಡಿಗೆಗೆ ಅಕ್ಕಿ ಅಳೆಯುವಾಗಲೆಲ್ಲಾ ಒಂದು ಹಿಡಿಯನ್ನು ಸುವಾರ್ತಾಸೇವೆಗೋಸ್ಕರ ಬೇರೆ ಇಡತೊಡಗಿದರು. ಮರುವರುಷವೇ ಬಿದಿರು ಹೂಬಿಟ್ಟು, ಇಲಿಗಳು ಹೆಚ್ಚಿ ಪೈರನ್ನು ತಿಂದು, ಘೋರವಾದ ಕ್ಷಾಮವುಂಟಾಯಿತು. ಆದರೂ ಆ ಪದ್ಧತಿಯು ಅಳಿಯಲಿಲ್ಲ; ಇಂದಿಗೂ ಆ ಅಕ್ಕಿಯನ್ನು ಮಾರಿದ ಹಣವು ದೂರದಲ್ಲಿ ಸುವಾರ್ತೆ ಸಾರುವ ಸೇವಕರನ್ನು ಸಾಕುತ್ತದೆ.

ಸುಗ್ಗಿಯಾಗಲಿ, ಸಾಲ ತೀರಲಿ, ಆಗ ಕೊಡೋಣವೆಂದು ನಮ್ಮಲ್ಲಿ ಕೆಲವರು ಹೇಳುವದುಂಟು. ಸಾಲದ ಭಾರವನ್ನು ನಾವೂ ಬಲ್ಲೆವು. ಹಸಿದ ಕೂಸಿನ ಬಾಯಿಂದ ಕಸಿದು ತರಬೇಕೆಂದು ಯಾರೂ ಕೇಳುವದಿಲ್ಲ. ಆದರೆ ಆ ವಿಧವೆಯ ಮಗನು ಉಪವಾಸ ಬಿದ್ದನೋ? ಅನೇಕ ದಿವಸ ಉಂಡನಲ್ಲವೇ? ಕೊಡಲು ಕಾಳೇ ಇಲ್ಲದವರು ಜ್ವರದಿಂದ ಮಲಗಿರುವ ನೆರೆಯವನಿಗೆ ಒಂದು ಕೊಡ ನೀರು ತಂದಿಟ್ಟು, ಅವನಿಗಾಗಿ ಪ್ರಾರ್ಥಿಸಲಿ; ಅದೂ ಕರ್ತನ ಸೇವೆಯೇ. ಮಿಕ್ಕ ತಾಯಂದಿರು, ಅಕ್ಕಿಯಾಗಲಿ ಜೋಳವಾಗಲಿ, ಈ ಸಾಯಂಕಾಲ ಅಳೆಯುವಾಗ ಒಲೆಯ ಬಳಿ ಒಂದು ಚಿಕ್ಕ ಕುಡಿಕೆಯನ್ನು ಇಟ್ಟುಕೊಳ್ಳಲಿ.