ಟೆಂಡರಿನಲ್ಲಿ ಇಲ್ಲದ ಕಾಲಂ

ಡೇಟಾ ಸೆಂಟರ್ ತಂಪಾಗಿಡೋಕೆ ಎರಡು ಕೊಟೇಶನ್ ಬಂದಿದ್ದವು. ನೀರು ಆವಿಯಾಗಿಸೋದು ಅಗ್ಗ, ಕರೆಂಟೂ ಕಮ್ಮಿ. ಆದರೆ ಒಂದು ಮೆಗಾವಾಟ್ ಶಾಖ ಹೊರಹಾಕಲು ಗಂಟೆಗೆ ಸುಮಾರು 1,500 ಲೀಟರ್ ನೀರು ಬೇಕು. ಗಾಳಿಯಿಂದ ತಂಪು ಮಾಡೋದಕ್ಕೆ ನೀರು ಹೆಚ್ಚೇನೂ ಬೇಡ, ಕರೆಂಟ್ ಜಾಸ್ತಿ. ಅದಕ್ಕೂ ಎಲ್ಲೋ ಕಲ್ಲಿದ್ದಲು ಉರಿಯುತ್ತೆ.

ಒಪ್ಪಂದದಲ್ಲಿ 99.99 ಪರ್ಸೆಂಟ್ ಅಪ್‌ಟೈಮ್. ವರ್ಷಕ್ಕೆ 53 ನಿಮಿಷ ಮೀರಿ ನಿಂತರೆ ದಂಡ. ಟ್ಯಾಂಕರ್ ತುಂಬಿಸಿದ ಊರಿನ ಬೋರ್‌ವೆಲ್ ಬತ್ತಿದರೆ? ಅದಕ್ಕೆ ಕಾಲಂ ಇಲ್ಲ. ನಮ್ಮಪ್ಪ ಮೂರನೇ ಬೋರ್ ಕೊರೆಸಿದಾಗಲೂ ಯಾರೂ ದಂಡ ಕಟ್ಟಲಿಲ್ಲ.

ಕಮಿಷನ್ ಮುಟ್ಟದಿದ್ದರೆ ಪ್ರಾಮಾಣಿಕ ಅಂದುಕೊಂಡಿದ್ದೆ. ಇನ್ನೊಬ್ಬರ ನೀರಿನಲ್ಲಿ ದುಡ್ಡು ಉಳಿಸೋದನ್ನ ಏನಂತ ಕರೀಬೇಕು?

ಶೀಟಿನಲ್ಲಿ 'ನೀರು' ಅಂತ ಒಂದು ಕಾಲಂ ಸೇರಿಸಿದೆ. "ಇದನ್ನ ಕೇಳಿದ್ದು ಯಾರು?" ಅಂದರು ಮ್ಯಾನೇಜರ್. ಬರೆಯೋಕೆ ನನ್ನ ಹತ್ತಿರ ಹೆಸರಿರಲಿಲ್ಲ. ನನ್ನದೇ ಬರೆದೆ.