ಜೋಳಿಗೆ ಹೊತ್ತು ಸೈಕಲ್ ತುಳಿಯುವವರಿಗೆ



ತಾಯಂದಿರೇ, ಹಿರಿಯರೇ, ಮುಂದೆ ಕುಳಿತಿರುವ ಮಕ್ಕಳೇ,

ಕಲಬುರಗಿಯಿಂದ ಹೊರಟು ಕಮಲಾಪುರ, ಹುಮನಾಬಾದ ದಾಟಿ ಬಸವಕಲ್ಯಾಣದವರೆಗೆ ಸೈಕಲ್ ಮೇಲೆ ಹೋಗುತ್ತೇವೆ, ಮರುದಿನ ತಿರುಗಿ ಬರುತ್ತೇವೆ ಎಂದು ನಮ್ಮ ಹುಡುಗರು, ಹುಡುಗಿಯರು ಸಂಕಲ್ಪ ಮಾಡಿದ್ದಾರೆ. ತುಳಿದ ಒಂದೊಂದು ಕಿಲೋಮೀಟರಿಗೂ ಇಷ್ಟು ಎಂದು ದಾನಿಗಳಿಂದ ಹಣ ಕೂಡಿಸಿ, ಆಸ್ಪತ್ರೆಗಳ ಹೊರಗೆ ರಾತ್ರಿ ಕಳೆಯುವ ರೋಗಿಗಳ ಕಡೆಯವರ ಊಟಕ್ಕೆ ಕೊಡಬೇಕೆಂಬುದು ಅವರ ಆಸೆ. ಹೋಗಿ ಬರುವ ದಾರಿ 150 ಕಿ.ಮೀ. ದಾಟುತ್ತದೆ. ಹೊರಡುವ ದಿನ ಹಾರ, ಬಾವುಟ, ಫೋಟೊ ಎಲ್ಲವೂ ತಾವಾಗಿ ಬರುತ್ತವೆ. ನನಗೆ ಹೇಳಬೇಕಾಗಿರುವುದು ಅದಕ್ಕೂ ಮೊದಲಿನ ವಾರಗಳ ಮಾತು. ಯಾರೂ ನೋಡದ ಆ ವಾರಗಳಲ್ಲೇ ದಾಸೋಹ ಶುರುವಾಗುತ್ತದೆಂದು ನಾನು ನಂಬಿದ್ದೇನೆ.

ನಮ್ಮದು ಶರಣಬಸವೇಶ್ವರರ ಊರು. ಜೇವರ್ಗಿ ಸೀಮೆಯ ಅರಳಗುಂಡಗಿಯಲ್ಲಿ ಹುಟ್ಟಿ, ಕಲಬುರಗಿಯಲ್ಲಿ ನೆಲೆನಿಂತು, 1822ರಲ್ಲಿ ಲಿಂಗೈಕ್ಯರಾದ ಆ ಮಹಾತ್ಮರ ಹೊಲದ ಕಥೆ ನಿಮಗೆಲ್ಲ ಬಾಯಿಪಾಠ. ತೆನೆಗೆ ಬಂದ ಹಕ್ಕಿಗಳನ್ನು ಅವರು ಓಡಿಸಲಿಲ್ಲ, ಕುಡಿಯಲು ನೀರನ್ನೂ ಇಟ್ಟರು. ನಾವು ಅದನ್ನು ಕರುಣೆಯ ಕಥೆಯಾಗಿ ಹೇಳುತ್ತೇವೆ, ಅದು ಸರಿಯೇ. ಆದರೆ ಹಕ್ಕಿ ಬರುವ ಮುಂಚೆ ಅಲ್ಲಿ ಉತ್ತು, ಹರಗಿ, ಬಿತ್ತಿದ ಹೊಲ ಒಂದಿತ್ತು. ಪಾಳು ಬಿದ್ದ ಹೊಲದ ಒಡೆಯ ಎಷ್ಟೇ ಕರುಣಾಳುವಾದರೂ ಹಕ್ಕಿಗೆ ಕೊಡಲು ಅವನ ಬಳಿ ಏನೂ ಇರುವುದಿಲ್ಲ. ದಾಸೋಹದ ಹಿಂದೆ ಕಾಯಕ ಇರಲೇಬೇಕು ಎಂದು ಶರಣರು ಹಟ ಹಿಡಿದದ್ದು ಇದಕ್ಕೇ.

ನಿಮ್ಮ ವಿಷಯದಲ್ಲಿ ಆ ಹೊಲ ಎಂದರೆ ನಿಮ್ಮ ಮೈ. ಅದನ್ನು ಹದಮಾಡದೆ ಹೊರಟರೆ ಏನಾಗುತ್ತದೆ, ನೇರವಾಗಿ ಹೇಳುತ್ತೇನೆ. ಮಹಾಗಾಂವ ಕ್ರಾಸ್ ಬರುವಷ್ಟರಲ್ಲಿ ತೊಡೆ ಹಿಡಿಯುತ್ತದೆ. ಬೀದರ್ ದಿಕ್ಕಿಗೆ ಹೋದಂತೆ ನೆಲ ಏರುತ್ತ ಹೋಗುತ್ತದೆ, ಬಸ್ಸಿನಲ್ಲಿ ಕೂತವರಿಗೆ ಆ ಏರು ಗೊತ್ತಾಗುವುದಿಲ್ಲ, ಪೆಡಲ್ ತುಳಿಯುವವರ ಮೊಣಕಾಲಿಗೆ ಗೊತ್ತಾಗುತ್ತದೆ. ಒಬ್ಬ ಕುಸಿದರೆ ಇಬ್ಬರು ಅವನನ್ನು ಹಿಡಿದು ನಿಲ್ಲಬೇಕು, ಟೆಂಪೊ ಬರಬೇಕು, ಕೊನೆಗೆ ಅದೇ ಆಸ್ಪತ್ರೆಯಲ್ಲಿ ಇನ್ನೊಂದು ಹಾಸಿಗೆ ತುಂಬಬೇಕು. ಯಾರ ನೋವು ಇಳಿಸಲು ಹೊರಟಿದ್ದೇವೋ ಅವರಿಗೇ ಹೊರೆಯಾದಂತೆ. ಸಿದ್ಧತೆಯಿಲ್ಲದ ಉತ್ಸಾಹವನ್ನು ನಾನು ಭಕ್ತಿ ಎನ್ನಲಾರೆ.

ಆದ್ದರಿಂದ ತಾಲೀಮು ಮಾಡಿ, ನಿಧಾನವಾಗಿ ಮಾಡಿ. ಮೊದಲ ವಾರವೇ ಕಮಲಾಪುರಕ್ಕೆ ಹೋಗಿ ಬರುವ ಹಟ ಬೇಡ. ನಗರದ ರಿಂಗ್ ರೋಡಿನಲ್ಲಿ ಬೆಳಗಿನ ಜಾವ ಸುತ್ತು ಹಾಕಿ, ವಾರವಾರಕ್ಕೆ ದೂರವನ್ನು ಸ್ವಲ್ಪಸ್ವಲ್ಪವೇ ಹೆಚ್ಚಿಸಿ. ನಡುವೆ ಒಂದೆರಡು ದಿನ ಮೈಗೆ ಬಿಡುವು ಕೊಡಿ, ಬಲ ಕೂಡುವುದು ಆ ಬಿಡುವಿನಲ್ಲೇ. ಸೀಟಿನ ಎತ್ತರ ನೋಡಿಕೊಳ್ಳಿ. ಪೆಡಲ್ ತೀರ ಕೆಳಗೆ ಬಂದಾಗ ಮೊಣಕಾಲು ತುಸುವೇ ಬಾಗಿರಬೇಕು. ಸೀಟು ತಗ್ಗಿದ್ದರೆ ಮೊಣಕಾಲು ಕೆಡುತ್ತದೆ, ಎತ್ತರವಾದರೆ ಸೊಂಟ ಹೊರಳುತ್ತದೆ. ಚೈನಿಗೆ ಎಣ್ಣೆ, ಬ್ರೇಕಿಗೆ ಹಿಡಿತ, ಹಿಂದೆ ಕೆಂಪು ದೀಪ, ತಲೆಗೆ ಹೆಲ್ಮೆಟ್ ಇವು ಇಲ್ಲದವರನ್ನು ಹಿರಿಯರು ಸಾಲಿನಿಂದ ಹೊರಗೆ ನಿಲ್ಲಿಸಬೇಕು, ಮುಲಾಜು ನೋಡಬಾರದು. ನಮ್ಮ ರಸ್ತೆಯ ಅಂಚಿಗೆಲ್ಲ ಜಾಲಿ ಮುಳ್ಳು. ಪಂಕ್ಚರ್ ಆಗಿಯೇ ಆಗುತ್ತದೆ. ಟ್ಯೂಬು ಬದಲಿಸುವುದನ್ನು ಪ್ರತಿಯೊಬ್ಬರೂ ಸ್ವತಃ ಕಲಿತಿರಬೇಕು, ಹುಡುಗಿಯರೂ ಕೂಡ.

ನೀರಿನ ಮಾತು. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಉಪ್ಪು ಹೆಚ್ಚಾಗಬಾರದು. ಇದನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಬಾಯಾರುವವರೆಗೆ ಕಾಯದೆ ಗುಟುಕುಗುಟುಕಾಗಿ ಕುಡಿಯುತ್ತಿರಿ. ಬುತ್ತಿಗೆ ಅವ್ವ ಮಾಡಿದ ಮಾದಲಿ, ಶೇಂಗಾ ಉಂಡಿ, ಕಡಕ್ ರೊಟ್ಟಿ ಸಾಕು. ಕಮಲಾಪುರದಲ್ಲಿ ನಿಂತಾಗ ಅಲ್ಲಿನ ಕೆಂಪು ಬಾಳೆ ತಿನ್ನಿ. ಜಿಐ ಮಾನ್ಯತೆ ಪಡೆದ ಹಣ್ಣದು. ಗೊನೆ ಬರಲು ಬೇರೆ ಬಾಳೆಗಿಂತ ಹೆಚ್ಚು ತಿಂಗಳು ಹಿಡಿಯುತ್ತದೆ, ಬೆಲೆಯೂ ಹೆಚ್ಚು. ಧರ್ಮದ ಕೆಲಸಕ್ಕೆ ಹೊರಟಿದ್ದೇವೆಂದು ರೈತನ ಬಳಿ ಚೌಕಾಶಿ ಮಾಡಬೇಡಿ. ಅವನ ಬೆವರಿಗೆ ಪೂರ್ತಿ ಬೆಲೆ ಕೊಡುವುದೂ ಈ ಯಾತ್ರೆಯ ಭಾಗವೇ.

ತೊಗರಿ ರಾಶಿಯ ದಿನಗಳಲ್ಲಿ ಹೊರಟರೆ ರಸ್ತೆಯ ಮೇಲೇ ಬೆಳೆ ಹಾಸಿರುವುದನ್ನು ಕಾಣುತ್ತೀರಿ. ಅದರ ಮೇಲೆ ಚಕ್ರ ಜಾರುತ್ತದೆ. ಇಳಿದು, ಸೈಕಲ್ ನೂಕಿಕೊಂಡು ದಾಟಿ. ಬೈಯಬೇಡಿ, ಕಣ ಇಲ್ಲದವನು ರಸ್ತೆ ಹಿಡಿದಿದ್ದಾನೆ. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಎಷ್ಟೋ ಸಲ ದೀಪ ಇರುವುದಿಲ್ಲ. ಕತ್ತಲಾಗುವ ಮುಂಚೆ ಊರು ಸೇರಿಬಿಡಿ. ಇದು ನನ್ನ ಕೋರಿಕೆಯಲ್ಲ, ಅಪ್ಪಣೆ.

ಇನ್ನು ಬೇಡುವ ವಿಷಯ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಕಾಲು ತುಳಿಯುವುದಕ್ಕಿಂತ ಕೈ ಚಾಚುವುದು ಕಷ್ಟ. ಓದಿದ ಹುಡುಗರಿಗೆ ಅಂಗಡಿ ಮುಂದೆ ನಿಂತು ಕೇಳಲು ನಾಚಿಕೆ. ಇಳಕಲ್ಲಿನ ಡಾ. ಮಹಾಂತ ಸ್ವಾಮಿಗಳನ್ನು ನೆನೆಯಿರಿ. ಜೋಳಿಗೆ ಹಿಡಿದು ಅವರು ಊರೂರು ತಿರುಗಿ ಕೇಳಿದ್ದು ಕಾಳನ್ನೂ ಅಲ್ಲ, ಕಾಸನ್ನೂ ಅಲ್ಲ, ಜನರ ದುಶ್ಚಟಗಳನ್ನು. ಅವರು ಹುಟ್ಟಿದ ಆಗಸ್ಟ್ 1ನ್ನು ನಮ್ಮ ರಾಜ್ಯ ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ತನಗಾಗಿ ಬೇಡದವನ ಜೋಳಿಗೆಗೆ ಎಷ್ಟು ಘನತೆ ಇರುತ್ತದೆಂದು ಆ ಸ್ವಾಮಿಗಳು ತೋರಿಸಿದರು. ನೀವೂ ತಲೆಯೆತ್ತಿ ಕೇಳಿ. ಇಲ್ಲ ಎಂದವರಿಗೂ ಶರಣು ಹೇಳಿ ಮುಂದಿನ ಬಾಗಿಲಿಗೆ ಹೋಗಿ.

ಕೈಗೆ ಬಂದದ್ದನ್ನು ಏನು ಮಾಡಬೇಕು? ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದ ದಂಪತಿಯ ಕಥೆ ಇದೆ. ಆಯ್ದಕ್ಕಿ ಮಾರಯ್ಯ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದ. ಒಂದು ದಿನ ನಿತ್ಯಕ್ಕಿಂತ ಹೆಚ್ಚು ತಂದ. ಹೆಂಡತಿ ಲಕ್ಕಮ್ಮ ಅದನ್ನು ನೋಡಿ ಹಿಗ್ಗಲಿಲ್ಲ. ಹೆಚ್ಚಿನ ಅಕ್ಕಿಯನ್ನು ತಂದಲ್ಲಿಗೇ ಸುರಿದು ಬಾ ಎಂದು ಗಂಡನನ್ನು ತಿರುಗಿ ಕಳಿಸಿದಳು. ಬಡವಿ, ಒಲೆಯ ಮುಂದೆ ಕೂತವಳು, ಅಕ್ಕಿ ತೂಗದೆಯೇ ಕಣ್ಣಳತೆಯಲ್ಲಿ ನ್ಯಾಯ ಹೇಳಿದಳು. ನೀವು ಹೋಗುತ್ತಿರುವುದು ಅವಳು ಬಾಳಿದ ಆ ಕಲ್ಯಾಣಕ್ಕೇ.

ಅನ್ನಕ್ಕೆಂದು ಬೇಡಿದ ಹಣದಲ್ಲಿ ಹೆಸರು ಅಚ್ಚುಹಾಕಿದ ಟೀ-ಶರ್ಟು ಬಂದರೆ ಅದು ಹೆಚ್ಚಿನ ಅಕ್ಕಿ. ಬ್ಯಾನರ್ ಬಂದರೆ ಹೆಚ್ಚಿನ ಅಕ್ಕಿ. ನಿಮ್ಮ ಚಹಾ, ನಾಷ್ಟಾ, ಟ್ಯೂಬು, ಟೆಂಪೊದ ಡೀಸೆಲ್ ಎಲ್ಲ ನಿಮ್ಮ ಜೇಬಿನಿಂದಲೇ ಹೋಗಲಿ. ಕಿಲೋಮೀಟರಿಗೆ ಇಷ್ಟು ಎಂದು ಮಾತು ಕೊಟ್ಟ ಮೇಲೆ ತುಳಿದಷ್ಟೇ ಲೆಕ್ಕ. ಹುಮನಾಬಾದಿನಲ್ಲಿ ಕಾಲು ಸೋತು ಟೆಂಪೊ ಹತ್ತಿದರೆ ಹುಮನಾಬಾದಿನವರೆಗೆ ಎಂದೇ ಬರೆಯಿರಿ. ಅದರಲ್ಲಿ ಅವಮಾನವೇನೂ ಇಲ್ಲ.

ದೂರದ ಅಮೆರಿಕದ ಮ್ಯಾಸಚೂಸೆಟ್ಸಿನಲ್ಲಿ 1980ರಲ್ಲಿ ಬಿಲ್ಲಿ ಸ್ಟಾರ್ ಎಂಬ ಯುವಕ, ಕ್ಯಾನ್ಸರಿನಿಂದ ತಾಯಿಯನ್ನು ಕಳೆದುಕೊಂಡವನು, 36 ಸವಾರರ ತಂಡದಲ್ಲಿ ಸೈಕಲ್ ತುಳಿದು 10,200 ಡಾಲರ್ ಕೂಡಿಸಿ ಡೇನಾ-ಫಾರ್ಬರ್ ಕ್ಯಾನ್ಸರ್ ಸಂಸ್ಥೆಗೆ ಕೊಟ್ಟ. ಆ ಯಾತ್ರೆ ಇಂದಿಗೂ ನಡೆದಿದೆ. ಸವಾರರು ಕೂಡಿಸಿದ ಹಣ ಒಂದು ಪೈಸೆಯೂ ಉಳಿಯದಂತೆ ಆಸ್ಪತ್ರೆಗೇ ಹೋಗುತ್ತದೆ, ನಡೆಸುವ ಖರ್ಚನ್ನು ಬೇರೆ ದಾರಿಯಿಂದ ತೂಗಿಸುತ್ತಾರೆ. ಲಕ್ಕಮ್ಮನ ಹೆಸರು ಕೇಳದ ನಾಡಿನಲ್ಲಿ ಅವಳ ಧರ್ಮ ನಡೆಯುತ್ತಿದೆ. ನಮ್ಮಲ್ಲಿ ನಡೆಯದಿದ್ದರೆ ಹೇಗೆ?

ಯಾರಿಗಾಗಿ ಇದೆಲ್ಲ ಎಂಬುದನ್ನು ಕಣ್ಣಿನಿಂದ ನೋಡಿ ಬನ್ನಿ. ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ಶಾಖೆ ನಮ್ಮ ನಗರದಲ್ಲಿದೆ. 2024ರ ಡಿಸೆಂಬರಿನಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ 371 ಹಾಸಿಗೆಯ ಆಸ್ಪತ್ರೆ ತೆರೆಯಿತು. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ವಿಧಿಯ ನೆನಪಿಗೆ ಅಷ್ಟು ಹಾಸಿಗೆ. ಚಿಂಚೋಳಿ, ಸೇಡಂ, ಆಳಂದ, ಅಫಜಲಪುರದ ಹಳ್ಳಿಗಳಿಂದ ರೋಗಿಗಳು ಬರುತ್ತಾರೆ. ರೋಗಿಗೆ ಹಾಸಿಗೆ ಸಿಗುತ್ತದೆ. ಕೂಲಿ ಬಿಟ್ಟು ಜೊತೆಗೆ ಬಂದ ಹೆಂಡತಿ, ಅಣ್ಣ, ಮುದುಕ ತಂದೆ ಚೀಲವನ್ನೇ ತಲೆದಿಂಬು ಮಾಡಿಕೊಂಡು ಹೊರಗೆ ಮಲಗುತ್ತಾರೆ. ಹೊರಡುವ ಮುಂಚೆ ಒಂದು ಸಂಜೆ ಹೋಗಿ ಅವರ ಪಕ್ಕದಲ್ಲಿ ಕೂತು ಮಾತಾಡಿ. ಫೋಟೊ ತೆಗೆಯಬೇಡಿ. ಅವರ ಊರು ಕೇಳಿ, ಊಟ ಆಯಿತೇ ಎಂದು ಕೇಳಿ.

ತಾಯಂದಿರಿಗೆ ಒಂದು ಮಾತು. "ಹೆಣ್ಣ ಹುಡುಗಿಗಿ ಯಾಕ ಬೇಕ್ರೀ ಇದೆಲ್ಲ" ಎಂದು ಕೆಲವರು ನನ್ನ ಮುಂದೆ ಅಂದಿರಿ. ನಿಮ್ಮ ಅಂಜಿಕೆ ನನಗೆ ಅರ್ಥವಾಗುತ್ತದೆ, ಆ ರಸ್ತೆಯಲ್ಲಿ ಲಾರಿಗಳು ಹೇಗೆ ಓಡುತ್ತವೆಂದು ನಾನೂ ಕಂಡಿದ್ದೇನೆ. ಆದರೆ 2006-07ರಿಂದ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಟ್ಟಾಗ ಎಷ್ಟೋ ಹಳ್ಳಿಯ ಹುಡುಗಿಯರು ಅದರ ಮೇಲೆಯೇ ಹೈಸ್ಕೂಲು ಮುಟ್ಟಿದರು. ತನ್ನ ಓದಿಗೆ ತುಳಿದವಳು ಇನ್ನೊಬ್ಬರ ಅನ್ನಕ್ಕೆ ತುಳಿಯಲಿ ಬಿಡಿ. ಅಂಜಿಕೆ ಇದ್ದವರು ಟೆಂಪೊದಲ್ಲಿ ಹಿಂದೆ ಬನ್ನಿ, ದಾರಿಯಲ್ಲಿ ನೀರು ಕೊಡುವ ಕೈಗಳೂ ಬೇಕು.

ಬರುವ ಐತವಾರ ನಸುಕಿನ ಐದು ಗಂಟೆಗೆ ಎಲ್ಲರೂ ಇಲ್ಲಿ ಸೇರಬೇಕು. ಮೊದಲ ತಾಲೀಮು ರಿಂಗ್ ರೋಡಿನಲ್ಲಿ, ಬಿಸಿಲೇರುವ ಮುಂಚೆ ಮುಗಿಯಬೇಕು. ಹೆಲ್ಮೆಟ್ ಇಲ್ಲದವರು ಶನಿವಾರದೊಳಗೆ ಹಿರಿಯರಿಗೆ ತಿಳಿಸಿ. ಜಮಾ-ಖರ್ಚಿನ ವಹಿ ಇವತ್ತೇ ಶುರುವಾಗಲಿ, ಅದು ಪ್ರಾರ್ಥನೆಯ ಮೇಜಿನ ಮೇಲೆ ತೆರೆದೇ ಇರಲಿ, ಯಾರು ಬೇಕಾದರೂ ಪುಟ ತಿರುವಿ ನೋಡಬಹುದು, ಯಾರು ಬೇಕಾದರೂ ಪ್ರಶ್ನೆ ಕೇಳಬಹುದು.