ಬಂಧವೆಂಬ ಅತಿಚಾರ

ಶ್ರಾವಕನ ಅಹಿಂಸಾಣುವ್ರತಕ್ಕೆ ತತ್ತ್ವಾರ್ಥಸೂತ್ರವು ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧವೆಂದು 5 ಅತಿಚಾರಗಳನ್ನು ಹೇಳಿದೆ. ಹೊಡೆಯುವುದಕ್ಕಿಂತ ಮೊದಲೇ ಕಟ್ಟಿಹಾಕುವ ದೋಷವನ್ನು ಎಣಿಸಿದೆಯೆಂಬುದನ್ನು ಧರ್ಮಬಂಧುಗಳು ಗಮನಿಸಬೇಕು.

ಸಾಂಗಲಿ-ಮಿರಜಿನ ಶ್ರಾವಕ-ಶ್ರಾವಿಕೆಯರಿಗೆ ನಾಂದಣಿ ಮಠದ ಮಹಾದೇವಿ ಆನೆ ಅಪರಿಚಿತಳಲ್ಲ. 1992ರಿಂದ ಮಠದಲ್ಲಿದ್ದ ಆಕೆಯನ್ನು, ಮುಂಬಯಿ ಉಚ್ಚ ನ್ಯಾಯಾಲಯದ ಆದೇಶವನ್ನು ಸರ್ವೋಚ್ಚ ನ್ಯಾಯಾಲಯವು ಎತ್ತಿಹಿಡಿದ ಬಳಿಕ, 2025ರ ಜುಲೈ ಕೊನೆಯಲ್ಲಿ ಜಾಮನಗರದ ವನತಾರಾಕ್ಕೆ ಒಯ್ಯಲಾಯಿತು. ಊರೂರುಗಳು ಕಣ್ಣೀರಿಟ್ಟವು. ಆ ಭಕ್ತಿಯನ್ನು ಯಾರೂ ಹಗುರಾಗಿ ಕಾಣಲಾಗದು. ಆದರೆ ನ್ಯಾಯಾಲಯದ ಮುಂದಿದ್ದ ವರದಿಗಳಲ್ಲಿ ಪಾದದ ರೋಗ, ಸಂಧಿವಾತ, ಮಿತಿಮೀರಿ ಬೆಳೆದ ಉಗುರು, ಒಂಟಿವಾಸಗಳು ದಾಖಲಾಗಿದ್ದವು. ಗಜರಾಣಿಯೆಂದು ಆರತಿ ಎತ್ತಿದವರಲ್ಲಿ ಎಷ್ಟು ಮಂದಿ ಆ ಪಾದಗಳನ್ನು ಬಾಗಿ ನೋಡಿದ್ದರು?

ಜಿನಮಾತೆಯ 16 ಸ್ವಪ್ನಗಳಲ್ಲಿ ಮೊದಲನೆಯದೇ ಗಜ, ಅದಕ್ಕೆ ಸರಪಳಿಯಿರಲಿಲ್ಲ. ಪಂಚಕಲ್ಯಾಣದಲ್ಲಿ ಆನೆಯ ಮೇಲಿನ ಆಸನಕ್ಕೆ ಸವಾಲು ಕೂಗುವ ಬದಲು, ಅದೇ ಸವಾಲನ್ನು ಶ್ರಾವಕರೇ ಎಳೆಯುವ ರಥಕ್ಕೆ ಕೂಗಿದರೆ ಉತ್ಸವಕ್ಕೇನು ಕೊರತೆಯಾದೀತು?